ಗೋಡೆಯೊಳಗೆ ಗರ್ಡರ್ ಸಿಕ್ಕರೆ

ಪಡಸಾಲೆ ಇಕ್ಕಟ್ಟಾಗಿದೆ, ಮಗನ ಮದುವೆ ಹತ್ತಿರ ಬಂದಿದೆ, ನಡುವಿನ ಗೋಡೆ ತೆಗೆದರೆ ದೊಡ್ಡ ಹಾಲ್ ಆಗುತ್ತದೆ. ನೆಲೋಗಿ, ಜೇವರ್ಗಿ ಕಡೆ ಹಳೆಯ ಮನೆಗಳ ದುರಸ್ತಿ ಬಹುಮಟ್ಟಿಗೆ ಶುರುವಾಗುವುದು ಹೀಗೆಯೇ. ಗೌಂಡಿ ಬಂದು ಹಾರಿಯಿಂದ ನಾಲ್ಕು ಕಲ್ಲು ಕೀಳುತ್ತಾನೆ. ಮಣ್ಣು ಉದುರಿದ ಸಂದಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತದೆ. ಆಮೇಲೆ ಕೇಳಿಬರುವ ಮಾತೂ ಗೊತ್ತಿರುವುದೇ: “ಏನೂ ಆಗಂಗಿಲ್ರಿ, ಕಟರ್ ತರ್ಸಿ ಕಟ್ ಮಾಡೇಬಿಡೋಣು.”

ಕಟರ್ ತರಿಸಬೇಡಿ. ಆ ಹೊತ್ತಿಗೆ ಕೆಲಸ ನಿಲ್ಲಿಸಿ, ಆ ಕೋಣೆಯಲ್ಲಿ ಮಲಗುವವರನ್ನು ಬೇರೆ ಕಡೆ ಕಳಿಸಿ, ಮೊದಲು ಒಂದೇ ಪ್ರಶ್ನೆಗೆ ಉತ್ತರ ಹುಡುಕಿ: ಈ ಕಬ್ಬಿಣದ ಎರಡು ತುದಿಗಳು ಎಲ್ಲಿ ಹೋಗಿ ನಿಂತಿವೆ? ಗರ್ಡರೋ, ಹಳಿಯೋ, ಸರಳೋ ಎಂಬುದು ಎರಡನೆಯ ಮಾತು. ತುದಿ ಸಿಕ್ಕರೆ ಅದು ಏನನ್ನು ಹೊತ್ತಿದೆ ಎಂಬುದು ಸಿಗುತ್ತದೆ. ಅದು ಸಿಗುವವರೆಗೆ ಕತ್ತರಿಸುವ ಮಾತೇ ಬೇಡ.

ನಮ್ಮ ಕಡೆಯ ಗೋಡೆಗಳಲ್ಲಿ ಇಷ್ಟೊಂದು ಕಬ್ಬಿಣ ಎಲ್ಲಿಂದ ಬಂತು? ಕಲಬುರಗಿ ಜಿಲ್ಲೆಯದು ಬಯಲು ಸೀಮೆ. ಉದ್ದನೆಯ ತೊಲೆ ಕೊಡುವ ಕಾಡು ಹತ್ತಿರದಲ್ಲಿಲ್ಲ. ಇದ್ದದ್ದು ಕಲ್ಲು. ಶಹಾಬಾದ್, ವಾಡಿ, ಚಿತ್ತಾಪುರದ ಸುಣ್ಣದ ಕಲ್ಲು ಪದರು ಪದರಾಗಿ ಬಿಟ್ಟುಕೊಳ್ಳುತ್ತದೆ. ಆ ಹಾಸುಗಲ್ಲನ್ನು, ನಾವು ಫರಸಿ ಅನ್ನುವುದನ್ನು, ಹೊರಗಿನವರು ನೆಲಕ್ಕಷ್ಟೇ ಹಾಕುತ್ತಾರೆ. ನಮ್ಮವರು ಅದನ್ನು ನೆತ್ತಿಯ ಮೇಲೂ ಹೊದಿಸಿದರು. ಕಲ್ಲಿನ ಮಾಳಿಗೆಯನ್ನು ಹೊರಲು ಕಟ್ಟಿಗೆಯ ಜಂತಿಗಿಂತ ಕಬ್ಬಿಣ ಅನುಕೂಲ. ಕಬ್ಬಿಣ ಬಂದದ್ದು ರೈಲಿನ ಹಿಂದೆ. ಸೋಲಾಪುರದ ಕಡೆಯಿಂದ ಕಲಬುರಗಿ, ವಾಡಿ ಹಾದು ಬಂದ ಜಿಐಪಿ ಕಂಪನಿಯ ರೈಲುದಾರಿ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ನಿಜಾಮರ ರೈಲು ಓಡಿತು. ಸವೆದ ಹಳಿ ಬದಲಾದಂತೆ ಹಳೆಯದು ಹರಾಜಾಗಿ ಊರೂರಿನ ಬಾಗಿಲ ಮೇಲೆ, ಮಾಳಿಗೆಯ ಕೆಳಗೆ ಸೇರಿಕೊಂಡಿತು. ಪೇಟೆಯಲ್ಲಿ ಗರ್ಡರ್, ಟೀ ಕಬ್ಬಿಣ, ಆಂಗಲ್ ಸಿಗತೊಡಗಿದ ಮೇಲೆ ಅವೂ ಬಂದವು. ಇವಕ್ಕೆಲ್ಲ ನಕ್ಷೆ ಇಲ್ಲ. ಕಟ್ಟಿದ ಗೌಂಡಿಯ ತಲೆಯಲ್ಲಿದ್ದ ಲೆಕ್ಕ ಅವನೊಂದಿಗೇ ಹೋಯಿತು. ಹೊರಗಿನವರು ನೆಲೋಗಿಯನ್ನು ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರ ಊರೆಂದು ಗುರುತಿಸುತ್ತಾರೆ. ಆದರೆ ಮುಖ್ಯಮಂತ್ರಿಯ ಊರಾದರೂ ಹಳೆಯ ಮನೆಯ ನಕ್ಷೆ ಪಂಚಾಯಿತಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಕಬ್ಬಿಣವನ್ನೇ ಓದಿಕೊಳ್ಳಬೇಕು.

ಓದುವ ಮುನ್ನ ತಲೆಯ ಮೇಲಿರುವ ಭಾರ ಎಷ್ಟೆಂದು ಗೊತ್ತಿರಲಿ. ಎರಡು ಇಂಚಿನ ಫರಸಿ ಚದರ ಮೀಟರಿಗೆ ಸುಮಾರು 130 ಕಿಲೋ. ಅದರ ಮೇಲೆ ಅರ್ಧ ಅಡಿ ಮಣ್ಣು ಹಾಕಿ ಗಟ್ಟಿ ಮಾಡಿದ್ದರೆ ಇನ್ನೊಂದು 270 ಕಿಲೋ. ಒಟ್ಟು 400. 10 ಅಡಿಗೆ 12 ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್, ಅಂದರೆ ಮಾಳಿಗೆಯ ತೂಕವೇ ನಾಲ್ಕೂವರೆ ಟನ್ನಿಗೆ ಹತ್ತಿರ. ಇದು ಒಣ ಮಣ್ಣಿನ ಲೆಕ್ಕ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಒಂದೇ ಅಳತೆಯ ಎರಡು ಕೋಣೆಗಳ ನಡುವಿನ ಗೋಡೆಯ ಮೇಲೆ ಎರಡೂ ಕಡೆಯ ಗರ್ಡರುಗಳು ಕೂತಿದ್ದರೆ, ಆ ಕಡೆಯ ಅರ್ಧ ಮತ್ತು ಈ ಕಡೆಯ ಅರ್ಧ ಸೇರಿ, ಒಂದು ಪೂರ್ತಿ ಕೋಣೆಯ ಮಾಳಿಗೆಯನ್ನು ಅದೊಂದೇ ಹೊತ್ತಿರುತ್ತದೆ. ಜೆಸಿಬಿಯವನನ್ನು ಕರೆಸಿ “ಅರ್ಧ ತಾಸಿನ ಕೆಲಸ” ಎನ್ನುವವರಿಗೆ ಈ ಲೆಕ್ಕ ಹೇಳಿ.

ಮಾಳಿಗೆಯ ಮಟ್ಟದಲ್ಲಿ ಸಿಕ್ಕರೆ

ಕೆಳಗೆ ನಿಂತು ಮೇಲೆ ನೋಡಿ. ಗರ್ಡರುಗಳು ಯಾವ ದಿಕ್ಕಿಗೆ ಓಡಿವೆ? ತೆಗೆಯಬೇಕೆಂದಿರುವ ಗೋಡೆಗೆ ಅಡ್ಡಲಾಗಿ ಬಂದು ಅದರೊಳಗೆ ಹೊಕ್ಕಿದ್ದರೆ ಗೋಡೆ ಭಾರ ಹೊತ್ತಿದೆ. ಗೋಡೆಗೆ ಸಮವಾಗಿ ಓಡಿದ್ದರೆ ಹೊರದಿರುವ ಸಾಧ್ಯತೆ ಹೆಚ್ಚು. ಆದರೆ ಗರ್ಡರಿನ ಮೇಲೆ ಅಡ್ಡ ಹಾಕಿದ ಟೀ ಕಬ್ಬಿಣದ ತುದಿಯೋ ಫರಸಿಯ ಅಂಚೋ ಆ ಗೋಡೆಯ ಮೇಲೆ ಕೂತಿರಬಹುದು, ಅದನ್ನೂ ನೋಡಬೇಕು. ಪಿಒಪಿ ಮಾಡಿಸಿ ಮುಚ್ಚಿದ್ದರೆ ಒಂದೆರಡು ಕಡೆ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

ಗೋಡೆಯೊಳಗೆ ಗರ್ಡರ್ ಕಂಡ ಕಡೆ ಚಾಣ, ಸುತ್ತಿಗೆ ಹಿಡಿದು ಅದರ ಸುತ್ತಲಿನ ಗಿಲಾವು, ಮಣ್ಣು ಮಾತ್ರ ಬಿಡಿಸಿ. ಗರ್ಡರಿನ ಕೆಳಗಿನ ಕಲ್ಲನ್ನು ಮುಟ್ಟಬೇಡಿ. ಈಗ ಎರಡರಲ್ಲಿ ಒಂದು ಕಾಣುತ್ತದೆ. ಎರಡು ಕೋಣೆಯ ಎರಡು ಬೇರೆ ಗರ್ಡರುಗಳು ಗೋಡೆಯ ನಡುವೆ ಎದುರುಬದುರಾಗಿ ಬಂದು ನಿಂತಿರುತ್ತವೆ, ಮಧ್ಯೆ ಸಂದಿ ಇರುತ್ತದೆ. ಒಂದೊಂದೂ ಗೋಡೆಯ ಮೇಲೆ ಕೂತಿರುವುದು ಕೆಲವೇ ಇಂಚು. ಗೋಡೆ ಹೋದರೆ ಎರಡೂ ಹೋದವು. ಕೆಲವೆಡೆ ಎರಡು ತುದಿಗೂ ಪಟ್ಟಿ ಇಟ್ಟು ಬೋಲ್ಟ್ ಹಾಕಿರುತ್ತಾರೆ. ಅದನ್ನು ಕಂಡು “ಜೋಡಿಸಿದ್ದಾರೆ, ಒಂದೇ ಆಗಿದೆ” ಎಂದುಕೊಳ್ಳಬಾರದು. ಆ ಪಟ್ಟಿ ಗರ್ಡರ್ ಅತ್ತಿತ್ತ ಸರಿಯದಿರಲಿ ಎಂದು ಹಾಕಿದ್ದು, ಭಾರಕ್ಕಲ್ಲ.

ಇನ್ನೊಂದು ಬಗೆಯಲ್ಲಿ ಒಂದೇ ಉದ್ದ ಗರ್ಡರ್ ಎರಡೂ ಕೋಣೆಗಳ ಮೇಲೆ ಹಾದು ಹೋಗಿರುತ್ತದೆ. ಜನ ಮೋಸ ಹೋಗುವುದು ಇಲ್ಲೇ. ಗೋಡೆ ತೆಗೆದ ದಿನ ಏನೂ ಬೀಳುವುದಿಲ್ಲ, ಗೌಂಡಿ ಹೇಳಿದ್ದೇ ನಿಜವಾಯಿತು ಅನ್ನಿಸುತ್ತದೆ. ಆದರೆ ಆಸರೆಯ ಅಂತರ ಇಮ್ಮಡಿಯಾದಾಗ ಗರ್ಡರನ್ನು ಬಗ್ಗಿಸುವ ಬಲ ನಾಲ್ಕು ಪಟ್ಟಾಗುತ್ತದೆ. ನಡುವೆ ಜಗ್ಗುವುದಂತೂ ಬಿಡಿ ಗರ್ಡರಿನ ಲೆಕ್ಕದಲ್ಲಿ ಹದಿನಾರು ಪಟ್ಟು. 10 ಅಡಿಗೆಂದು ಹಾಕಿದ ಕಬ್ಬಿಣ 20 ಅಡಿಗೆ ಸಾಲುವುದಿಲ್ಲ. ಮೊದಲು ಫರಸಿಯ ಸಂದಿ ಬಾಯಿಬಿಡುತ್ತದೆ, ಆಮೇಲೆ ಮಳೆನೀರು ಇಳಿಯುತ್ತದೆ, ಮಣ್ಣು ತೊಯ್ದು ಭಾರ ಏರುತ್ತದೆ.

ಪಾಲಿನ ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಣ್ಣತಮ್ಮಂದಿರು ಪಾಲಾದಾಗ ದೊಡ್ಡ ಪಡಸಾಲೆಯ ನಡುವೆ ಎತ್ತಿದ ಗೋಡೆ ಬಹಳ ಮನೆಗಳಲ್ಲಿದೆ. ಮನೆ ಕಟ್ಟಿದಾಗ ಅದು ಇರಲೇ ಇಲ್ಲ, ಆದ್ದರಿಂದ ತೆಗೆದರೆ ತೊಂದರೆಯಿಲ್ಲ ಎಂಬ ವಾದ ಸಹಜ. ಕಾಗದದ ಮೇಲೆ ಅದು ಸರಿ. ಆದರೆ ಗೋಡೆ ಎದ್ದು 30–40 ವರ್ಷವಾಗಿದ್ದರೆ ಈ ನಡುವೆ ಮೇಲಿನ ಗರ್ಡರ್ ನಿಧಾನವಾಗಿ ಜಗ್ಗಿ ಆ ಗೋಡೆಯ ನೆತ್ತಿಯ ಮೇಲೆ ಕೂತಿರಬಹುದು. ಯಾರೋ ಮಾಳಿಗೆಗೆ ಇನ್ನೊಂದು ಪದರು ಮಣ್ಣು ಹಾಕಿರಬಹುದು, ನೀರಿನ ಟಾಕಿ ಇಟ್ಟಿರಬಹುದು. ಆಗ ಹೊರುವ ಉದ್ದೇಶವಿಲ್ಲದೆ ಕಟ್ಟಿದ ಗೋಡೆಯೂ ಈಗ ಹೊರುತ್ತಿರುತ್ತದೆ. ಪರೀಕ್ಷೆ ಸುಲಭ. ಗೋಡೆಯ ನೆತ್ತಿಗೂ ಗರ್ಡರಿಗೂ ನಡುವಿನ ಗಿಲಾವನ್ನು ಒಂದೆರಡು ಅಡಿ ಬಿಡಿಸಿ, ತೆಳ್ಳನೆಯ ಹ್ಯಾಕ್ಸಾ ಬ್ಲೇಡ್ ತೂರಿಸಿ ನೋಡಿ. ಸರಾಗವಾಗಿ ಆಡಿದರೆ ಭಾರವಿಲ್ಲ. ಎಲ್ಲೂ ಹೋಗದೆ ಕಲ್ಲಿಗೆ ಕಬ್ಬಿಣ ಬಿಗಿದು ಕೂತಿದ್ದರೆ ಅದನ್ನು ಹೊತ್ತ ಗೋಡೆಯೆಂದೇ ತಿಳಿಯಿರಿ. ಗರ್ಡರಿನುದ್ದಕ್ಕೆ ದಾರ ಬಿಗಿದು ಹಿಡಿದರೆ ಎಷ್ಟು ಜಗ್ಗಿದೆ ಎಂಬುದೂ ಕಾಣುತ್ತದೆ.

ಬಾಗಿಲೆತ್ತರದಲ್ಲಿ, ನಿಂತದ್ದು, ದುಂಡನೆಯದು

ನೆಲದಿಂದ ಆರೂವರೆ, ಏಳಡಿ ಎತ್ತರದಲ್ಲಿ ಮೂರ್ನಾಲ್ಕು ಅಡಿ ಉದ್ದದ ಹಳಿಯೋ ಆಂಗಲ್ಲೋ ಅಡ್ಡ ಸಿಕ್ಕರೆ, ಅದರ ಕೆಳಗೆ ಹಿಂದೆ ಬಾಗಿಲು ಇತ್ತೆಂದೇ ಊಹಿಸಿ. ಎರಡೂ ಬದಿಯಲ್ಲಿ ನೆಟ್ಟನೆಯ ಸಂದಿ ಇಳಿದಿದೆಯೇ, ನಡುವೆ ತುಂಬಿದ ಕಲ್ಲೋ ಇಟ್ಟಂಗಿಯೋ ಸುತ್ತಲಿನದಕ್ಕಿಂತ ಬೇರೆಯಾಗಿದೆಯೇ ನೋಡಿ. ಹಾಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಇಡೀ ಗೋಡೆ ತೆಗೆಯುವ ಆಸೆ ಬಿಟ್ಟು ಆ ಹಳೆಯ ಬಾಗಿಲನ್ನಷ್ಟೇ ತೆರೆಯಬಹುದು. ಕಬ್ಬಿಣ ಎರಡೂ ಕಡೆ ಕನಿಷ್ಠ ಆರೆಂಟು ಇಂಚು ಗೋಡೆಯ ಮೇಲೆ ಕೂತಿದ್ದು, ತುಕ್ಕು ತಿಂದಿರದಿದ್ದರೆ, ತುಂಬಿದ್ದನ್ನು ಮೇಲಿನಿಂದ ಒಂದೊಂದೇ ವರಸೆ ಬಿಡಿಸುತ್ತ ಬನ್ನಿ. ಇಕ್ಕಟ್ಟಿಗೆ ಅರ್ಧ ಪರಿಹಾರ ಅಲ್ಲೇ ಸಿಗುತ್ತದೆ, ಖರ್ಚೂ ಕಡಿಮೆ.

ನಿಂತ ಕಬ್ಬಿಣ, ಅಂದರೆ ಪೈಪೋ ಗರ್ಡರ್ ತುಂಡೋ ಗೋಡೆಯೊಳಗೆ ನೆಟ್ಟಗೆ ನಿಂತಿದ್ದರೆ ಅದು ಕಂಬ. ಮೊದಲು ಬಯಲು ಪಡಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದು, ಆಮೇಲೆ ಅದರ ಅತ್ತಿತ್ತ ಗೋಡೆ ತುಂಬಿರುತ್ತಾರೆ. ಗೋಡೆ ತೆಗೆಯಬಹುದು, ಕಂಬ ತೆಗೆಯುವಂತಿಲ್ಲ. ಹಳೆಯ ಮಾಳಿಗೆ ಮನೆಗಳಲ್ಲಿ ಕಟ್ಟಿಗೆಯ ಕಂಬವೂ ಹೀಗೆ ಅಡಗಿರುತ್ತದೆ. ಕಂಬ ತೊಲೆ ಸೇರುವಲ್ಲಿ ಬಡಿದ ಕಬ್ಬಿಣದ ಪಟ್ಟಿ, ದಪ್ಪ ಮೊಳೆ ಮೊದಲು ಕಣ್ಣಿಗೆ ಬೀಳುತ್ತವೆ. ಪಟ್ಟಿ ಕಂಡಲ್ಲಿ ಅದರ ಹಿಂದೆ ಕಟ್ಟಿಗೆ ಇದೆಯೇ, ಗೆದ್ದಲು ತಿಂದಿದೆಯೇ ಎಂದು ಚುಚ್ಚಿ ನೋಡಬೇಕು.

ದುಂಡನೆಯ ಒಂಟಿ ಸರಳು ಗೋಡೆಯನ್ನು ಅಡ್ಡ ಹಾದು ಹೊರಗೋಡೆಯವರೆಗೆ ಹೋಗಿದ್ದರೆ ಹೊರಗೆ ಹೋಗಿ ನೋಡಿ. ಅಲ್ಲಿ ದೊಡ್ಡ ವಾಷರ್, ಚೌಕ ತಗಡು ಅಥವಾ ಎಕ್ಸ್ ಆಕಾರದ ಕಬ್ಬಿಣ ಕಂಡರೆ ಅದು ಎಳೆದು ಕಟ್ಟಿದ ಟೈ ರಾಡ್. ನಮ್ಮ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಗೋಡೆ ಹೊರಕ್ಕೆ ವಾಲತೊಡಗಿದಾಗ ಎದುರುಬದುರು ಗೋಡೆಗಳನ್ನು ಹೀಗೆ ಸರಳಿನಿಂದ ಬಿಗಿಯುತ್ತಿದ್ದರು. ನಿಜಾಮರ ಕಾಲದ ಕಚೇರಿ, ಗೋದಾಮುಗಳಲ್ಲಿ ಗರ್ಡರುಗಳ ನಡುವೆ ಇಟ್ಟಂಗಿಯ ಸಣ್ಣ ಕಮಾನು ಕಟ್ಟಿದ ಮಾಳಿಗೆ ಇದ್ದರೆ, ಆ ಕಮಾನು ಪಕ್ಕಕ್ಕೆ ತಳ್ಳುವುದನ್ನು ತಡೆಯಲೂ ಇಂಥದೇ ಸರಳು ಇರುತ್ತದೆ. ಇದು ಹೊರುವ ಕಬ್ಬಿಣವಲ್ಲ, ಹಿಡಿಯುವ ಕಬ್ಬಿಣ. ತೆಳ್ಳಗಿದೆ ಎಂದು ಹಗುರಾಗಿ ಕಾಣಬೇಡಿ. ಬಿಗಿಯಿದ್ದಾಗ ಕತ್ತರಿಸಿದರೆ ಚಿಮ್ಮಿ ಕತ್ತರಿಸಿದವನಿಗೇ ಹೊಡೆಯಬಹುದು.

ಇನ್ನು ಮಿಕ್ಕಿದ್ದು ಚಿಲ್ಲರೆ. ಚೌಕಟ್ಟಿನ ಕ್ಲಾಂಪು, ಗೂಟ, ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆಯಲ್ಲಿ ನಾಲ್ಕಾರು ವರಸೆಗೊಮ್ಮೆ ಹಾಕಿದ ತೆಳು ಸರಳು ಅಥವಾ ಪಟ್ಟಿ, ಇವು ಮಾಳಿಗೆಯನ್ನು ಹೊತ್ತಿರುವುದಿಲ್ಲ. ತೊಟ್ಟಿಲ ಕೊಂಡಿ ಮಾತ್ರ ಗರ್ಡರಿಗೋ ತೊಲೆಗೋ ಕಚ್ಚಿಕೊಂಡಿರುತ್ತದೆ, ಎಳೆದು ಕೀಳಬೇಡಿ. ಪೈಪಿನಂತೆ ಕಂಡದ್ದನ್ನೆಲ್ಲ ಮೊದಲು ಟೆಸ್ಟರ್ ಹಿಡಿದು ನೋಡಿ, ಮೇನ್ ಸ್ವಿಚ್ ಇಳಿಸಿಯೇ ಕೈ ಹಾಕಿ. ಹಳೆಯ ವೈರಿಂಗ್ ಕಬ್ಬಿಣದ ಪೈಪಿನೊಳಗೇ ಹೋಗಿರುತ್ತಿತ್ತು. ಕಬ್ಬಿಣದ ಬದಲು ತಾಮ್ರದ ತಂಬಿಗೆ ತುಂಬ ನಾಣ್ಯ ಸಿಕ್ಕರೆ ಅದು ಬೇರೆಯೇ ಕಥೆ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಕಾಂಕ್ರೀಟ್ ಪಟ್ಟಿಯೊಳಗಿನ ಸರಳು

ಕಲ್ಲಿನ ಗೋಡೆಯಲ್ಲಿ ಬಾಗಿಲಿನ ಮಟ್ಟಕ್ಕೋ ಮಾಳಿಗೆಯ ಕೆಳಗೋ ಮನೆ ಸುತ್ತ ಓಡುವ ಕಾಂಕ್ರೀಟ್ ಪಟ್ಟಿ ಸಿಕ್ಕರೆ ಬಹಳ ಜಾಗ್ರತೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಉತ್ತರಕ್ಕೆ, ಗಡಿಯಾಚೆಯ ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪಕ್ಕೆ ನೆಲಸಮವಾಯಿತು. ಅಲ್ಲಿ ಜನರನ್ನು ಕೊಂದದ್ದು ನಮ್ಮವೇ ಥರದ ಮನೆಗಳು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಗೋಡೆಯ ಒಳಪದರು, ಹೊರಪದರು ಬೇರ್ಪಟ್ಟು ಕುಸಿದವು. ಇಂಥ ಕುಸಿತ ತಡೆಯಲು ಕಲ್ಲಿನ ಮನೆಗಳಿಗೆ ಬುನಾದಿ, ಬಾಗಿಲು, ಮಾಳಿಗೆಯ ಮಟ್ಟದಲ್ಲಿ ಪಟ್ಟಿ ಕಟ್ಟಬೇಕೆಂಬ ಮಾತು ಐಎಸ್ 4326, ಐಎಸ್ 13828 ಮಾನಕಗಳಲ್ಲಿದೆ. 75 ಮಿ.ಮೀ. ದಪ್ಪ, ಒಳಗೆ ಎರಡು ಸರಳು, ದೊಡ್ಡದಾದರೆ ನಾಲ್ಕು. ಇದು ನಾಲ್ಕೂ ಹೊರಗೋಡೆ ಮತ್ತು ಒಳಗೋಡೆಗಳನ್ನು ಒಂದಾಗಿ ಹಿಡಿದಿರುತ್ತದೆ, ಸೊಂಟದ ಪಟ್ಟಿಯ ಹಾಗೆ ಒಂದು ಕಡೆ ಕತ್ತರಿಸಿದರೆ ಸುತ್ತಲೂ ಸಡಿಲ. ಗೋಡೆ ತೆಗೆಯುವುದೇ ಆದರೆ ಪಟ್ಟಿಯ ಕೆಳಗಿನದನ್ನು ಮಾತ್ರ ತೆಗೆದು, ಪಟ್ಟಿಯನ್ನು ಉಳಿಸಿ, ಅದಕ್ಕೆ ಕೆಳಗಿನಿಂದ ಹೊಸ ಬೀಮಿನ ಆಸರೆ ಕೊಡುವ ಬಗೆ ಎಂಜಿನಿಯರರಿಂದಲೇ ಆಗಬೇಕು.

ಸರಳು ಯಾವ ಕಾಲದ್ದೆಂದು ಅದರ ಮೈಯೇ ಹೇಳುತ್ತದೆ. ನುಣ್ಣಗೆ ದುಂಡಗಿದ್ದು ತುದಿಯಲ್ಲಿ ಕೊಕ್ಕೆ ಬಗ್ಗಿಸಿದ್ದರೆ ಹಳೆಯ ಮೆದು ಉಕ್ಕು. ಹಗ್ಗದಂತೆ ತಿರುಚಿದ್ದರೆ 1970–80ರ ದಶಕಗಳಲ್ಲಿ ಎಲ್ಲೆಡೆ ಬಳಸುತ್ತಿದ್ದ ಟಾರ್ ಸ್ಟೀಲ್. ತಿರುಚದೆ ಓರೆ ಓರೆ ಏಣುಗಳಿದ್ದರೆ ಈಚಿನ ಟಿಎಂಟಿ.

ಯಾವ ಕಬ್ಬಿಣ, ಎಷ್ಟು ಉಳಿದಿದೆ

ಗಿಲಾವಿನ ಕೆಳಗೆ ಇನ್ನೂ ಎಲ್ಲಿ ಕಬ್ಬಿಣವಿದೆ ಎಂದು ಹುಡುಕಲು ದುಬಾರಿ ಯಂತ್ರ ಬೇಕಿಲ್ಲ. ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತಕ್ಕೆ ದಾರ ಕಟ್ಟಿ ಗೋಡೆಗೆ ತಾಗಿಸಿ ಆಡಿಸಿದರೆ ಗಿಲಾವು ತೆಳ್ಳಗಿದ್ದಲ್ಲಿ ಹಿಡಿದು ತೋರಿಸುತ್ತದೆ. ಸಿಕ್ಕ ಗುರುತನ್ನೆಲ್ಲ ಸೀಮೆಸುಣ್ಣದಿಂದ ಗೋಡೆಯ ಮೇಲೇ ಬರೆಯಿರಿ.

ಗರ್ಡರಿನ ಹೊಟ್ಟೆಯ ಭಾಗವನ್ನು ವೈರ್ ಬ್ರಷ್ಷಿನಿಂದ ಉಜ್ಜಿದರೆ ಉಬ್ಬಿದ ಅಕ್ಷರ ಕಾಣಬಹುದು. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನ ಮಿಡಲ್ಸ್‌ಬರೋದಿಂದ ಬಂದದ್ದು. ಟಾಟಾ ಎಂದಿದ್ದರೆ 1912ರ ನಂತರದ್ದು, ಜಮ್ಶೆಡ್‌ಪುರದಲ್ಲಿ ಉಕ್ಕು ಇಳಿದದ್ದೇ ಆ ವರ್ಷ. ಹಳಿಯ ಮೇಲೆ ತಯಾರಕರ ಹೆಸರು, ವರ್ಷ, ತೂಕ ಮೂರೂ ಇರುವುದುಂಟು. 90 ಎಂದಿದ್ದರೆ ಗಜಕ್ಕೆ 90 ಪೌಂಡ್, ಅಂದರೆ ಮೀಟರಿಗೆ ಸುಮಾರು 45 ಕಿಲೋ. ಹತ್ತಡಿಯ ತುಂಡೇ 130 ಕಿಲೋ ಮೀರುತ್ತದೆ. ಇಬ್ಬರು ಹಿಡಿದು ಇಳಿಸುತ್ತೇವೆ ಎನ್ನುವವರು ಇದನ್ನು ನೆನಪಿಡಬೇಕು.

ಹೆಸರಿಗಿಂತ ಮುಖ್ಯವಾದದ್ದು ಕಬ್ಬಿಣದ ಜಾತಿ. ಬೀಡು ಕಬ್ಬಿಣದ ಕಂಬ ಸಾಮಾನ್ಯವಾಗಿ ಟೊಳ್ಳು, ಮೈಮೇಲೆ ಅಚ್ಚಿನ ಗೆರೆ ಇರುತ್ತದೆ. ಅರ ಉಜ್ಜಿದರೆ ಕರಿ ಪುಡಿ ಉದುರುತ್ತದೆ. ಒತ್ತಿ ಕೂತ ಭಾರವನ್ನು ಅದು ಚೆನ್ನಾಗಿ ಹೊರುತ್ತದೆ. ಪಕ್ಕದಿಂದ ಸುತ್ತಿಗೆ ಏಟು ಬಿದ್ದರೆ ಒಡೆಯುತ್ತದೆ. ಅದಕ್ಕೆ ವೆಲ್ಡಿಂಗ್ ಮಾಡಿ ಆಂಗಲ್ ಹಚ್ಚುವುದು ಬೇಡ. ಹಳಿಯದು ಇನ್ನೊಂದು ತೊಡಕು. ಮಾಮೂಲಿ ಗರ್ಡರಿಗಿಂತ ಅದರಲ್ಲಿ ಇಂಗಾಲ ಹೆಚ್ಚು, ಆದ್ದರಿಂದ ಗಟ್ಟಿ, ಆದ್ದರಿಂದಲೇ ಪೆಡಸು. ಊರಿನ ವೆಲ್ಡಿಂಗ್ ಅಂಗಡಿಯವರು ಗ್ರಿಲ್ಲಿಗೆ ಹಾಕುವ ಕಡ್ಡಿಯಿಂದಲೇ ಹಳಿಗೂ ಬೆಸುಗೆ ಹಾಕುತ್ತಾರೆ. ಹಳಿಯನ್ನು ಮೊದಲು ಕಾಯಿಸದೆ ಹಾಕಿದ ಬೆಸುಗೆ ಆರುವಾಗಲೇ ಪಕ್ಕದಲ್ಲಿ ಕೂದಲೆಳೆಯ ಬಿರುಕು ಬಿಡಬಹುದು. ಹಳಿಗೆ ಏನಾದರೂ ಜೋಡಿಸಬೇಕಾದರೆ ಕ್ಲಾಂಪ್, ಬೋಲ್ಟ್ ವಾಸಿ.

ತುಕ್ಕನ್ನು ಕಣ್ಣಳತೆಯಲ್ಲಿ ನಂಬಬೇಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುವುದರಿಂದ ಒಂದು ಮಿಲಿಮೀಟರ್ ಹೋದದ್ದೂ ಭೀಕರವಾಗಿ ಕಾಣುತ್ತದೆ. ಇನ್ನೊಂದೆಡೆ ಬಚ್ಚಲಿಗೆ ತಾಗಿದ ಗೋಡೆಯೊಳಗೆ ಕೂತ ತುದಿ, ಹೊರಗಿನ ಭಾಗ ಚೆನ್ನಾಗಿದ್ದರೂ, ಒಳಗೆ ಕಾಗದದಷ್ಟು ತೆಳ್ಳಗಾಗಿರುತ್ತದೆ. ಪದರನ್ನು ಹಗುರಾಗಿ ತಟ್ಟಿ ಉದುರಿಸಿ, ಗಟ್ಟಿ ಕಬ್ಬಿಣ ಬಂದ ಮೇಲೆ ವರ್ನಿಯರ್ ಹಿಡಿದು ದಪ್ಪ ಅಳೆಯಿರಿ, ಗರ್ಡರಿನ ನಡುಭಾಗದಲ್ಲೂ ತುದಿಯಲ್ಲೂ. ಎರಡರ ವ್ಯತ್ಯಾಸವೇ ಎಂಜಿನಿಯರಿಗೆ ಬೇಕಾದ ಮಾಹಿತಿ.

ಆಸರೆ ಕೊಟ್ಟು ಆಮೇಲೆ

ಎಂಜಿನಿಯರ್ ಏಕೆ, ಪಕ್ಕದ ಮನೆಯವರು ಆರಿಂಚಿನ ಗರ್ಡರ್ ಹಾಕಿದ್ದಾರೆ, ನಾವೂ ಅದನ್ನೇ ಹಾಕುತ್ತೇವೆ ಎನ್ನುವವರಿದ್ದಾರೆ. ಮೇಲೆ ಹೇಳಿದ ಮಾಳಿಗೆಯನ್ನೇ ತೆಗೆದುಕೊಳ್ಳೋಣ. ಎರಡೂ ಕಡೆ 12 ಅಡಿಯ ಗರ್ಡರುಗಳು ಬಂದು ಕೂತ ಗೋಡೆಯಲ್ಲಿ 10 ಅಡಿ ತೆರವು ಮಾಡಿದರೆ, ಜನ ಓಡಾಡುವ ಭಾರವೂ ಸೇರಿ ಹೊಸ ಗರ್ಡರಿನ ಮೇಲೆ ಮೀಟರಿಗೆ ಸುಮಾರು ಎರಡು ಟನ್ ಬೀಳುತ್ತದೆ. ಮೀಟರಿಗೆ 15 ಕಿಲೋ ತೂಗುವ 150 ಮಿ.ಮೀ. ಗರ್ಡರ್ ಅದಕ್ಕೆ ಸಾಲದು. 25 ಕಿಲೋದ 200 ಮಿ.ಮೀ. ಬೇಕು. ಗರ್ಡರಿನ ಮೇಲೆ ಗೋಡೆಯೂ ಉಳಿದಿದ್ದರೆ ಅದೂ ಸಾಲದಿರಬಹುದು. ಪಕ್ಕದ ಮನೆಯ ಮೇಲೆ ಬರೀ ಪತ್ರಾಸಿದ್ದರೆ ಅವರಿಗೆ ಆರಿಂಚೇ ಹೆಚ್ಚಾಯಿತು. ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರುಗಳಿಗೆ ಬರವಿಲ್ಲ, ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರಿಂದ ಅವರನ್ನು ತಯಾರು ಮಾಡುತ್ತಿದೆ. ಒಬ್ಬರನ್ನು ಮನೆಗೇ ಕರೆತಂದು ತೋರಿಸಿ. ಮೊಬೈಲ್ ಫೋಟೊ ಕಳಿಸಿ ಕೇಳಿದರೆ ಬರುವ ಉತ್ತರ ಅರ್ಧ ಉತ್ತರ.

ಗೋಡೆಗೆ ಕೈ ಹಚ್ಚುವ ಮೊದಲು ಅದರ ಎರಡೂ ಬದಿಗೆ, ಎರಡು ಮೂರು ಅಡಿ ದೂರದಲ್ಲಿ, ಪ್ರತಿ ಗರ್ಡರಿನ ಕೆಳಗೂ ಕಬ್ಬಿಣದ ಜ್ಯಾಕ್ ನಿಲ್ಲಿಸಿ. ಫರಸಿಯ ಕೆಳಗೆ ಟೇಕು ಕೊಡಬೇಡಿ, ಒತ್ತಿದರೆ ಕಲ್ಲು ಸೀಳುತ್ತದೆ. ಜ್ಯಾಕಿನ ಬುಡ ನೆಲದ ಹಾಸುಗಲ್ಲಿನ ಮೇಲೆ ನೇರವಾಗಿ ಕೂರುವುದೂ ಬೇಡ. ಕೆಳಗೆ ತುಂಬಿದ ಮಣ್ಣಿದ್ದರೆ ಕುಸಿಯುತ್ತದೆ. ದಪ್ಪನೆಯ ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಿ. ಜ್ಯಾಕನ್ನು ಗರ್ಡರಿಗೆ ಬಿಗಿಯಾಗಿ ತಾಗುವಷ್ಟೇ ತಿರುಗಿಸಿ, ಜಗ್ಗಿದ್ದನ್ನು ಎತ್ತಿ ನೆಟ್ಟಗೆ ಮಾಡುವ ಉಮೇದಿಗೆ ಹೋದರೆ ಮಾಳಿಗೆ ಬಿರಿಯುತ್ತದೆ. ಮಣ್ಣಿನ ಮಾಳಿಗೆಯಿದ್ದರೆ ಕೆಲಸ ಮಳೆಗಾಲ ಮುಗಿದು ಮಣ್ಣು ಒಣಗಿದ ಮೇಲೆ ಇಟ್ಟುಕೊಳ್ಳಿ. ಮೇಲಿನ ಮಣ್ಣನ್ನು ಮೊದಲು ಇಳಿಸುವುದಾದರೆ ಅರ್ಧಕ್ಕಿಂತ ಹೆಚ್ಚು ಭಾರ ಅಲ್ಲಿಗೇ ಕಳೆಯಿತು.

ಗರ್ಡರಿನ ಬದಲು ಆರ್‌ಸಿಸಿ ಬೀಮ್ ಹಾಕಿದರೆ ಟೇಕು ತೆಗೆಯುವ ಅವಸರ ಬೇಡ. ಐಎಸ್ 456ರ ಪ್ರಕಾರ 6 ಮೀಟರ್ ಒಳಗಿನ ಬೀಮಿಗೆ 14 ದಿನ, ಅದಕ್ಕಿಂತ ಉದ್ದದ್ದಕ್ಕೆ 21 ದಿನ ಟೇಕು ಇರಬೇಕು. ಮದುವೆಯ ದಿನ ಮೊದಲು ಗೊತ್ತು ಮಾಡಿ ಆಮೇಲೆ ಬೀಮ್ ಹಾಕುವವರು ಈ ಲೆಕ್ಕವನ್ನು ಹಿಂದಿನಿಂದ ಹಾಕಿಕೊಳ್ಳಲಿ. ಬೀಮಿನ ತುದಿ ಕೂರುವ ಕಡೆ ಮಣ್ಣಿನಲ್ಲಿ ಕಟ್ಟಿದ ಕಲ್ಲಿದ್ದರೆ ಅಲ್ಲಿ ಕಾಂಕ್ರೀಟಿನ ಬೆಡ್ ಹಾಕಿ ಅದರ ಮೇಲೆ ಕೂರಿಸಬೇಕು. ಇಲ್ಲವಾದರೆ ಗೋಡೆಯಿಡೀ ಹೊತ್ತಿದ್ದ ಭಾರ ಎರಡೇ ಕಲ್ಲಿನ ಮೇಲೆ ಬಿದ್ದು ಅವು ಜರುಗುತ್ತವೆ.

ಎಲ್ಲ ಮುಗಿದು ಹಳೆಯ ಕಬ್ಬಿಣ ಅಂಗಳಕ್ಕೆ ಬಂದಾಗ ಗುಜರಿಯವನು ತಕ್ಕಡಿ ಹಿಡಿದು ನಿಂತಿರುತ್ತಾನೆ. ಗರ್ಡರ್, ಆಂಗಲ್ ಮಾರಲು ತೊಡಕಿಲ್ಲ. ನೆಟ್ಟಗಿರುವ ಗರ್ಡರನ್ನು ತೂಕಕ್ಕೆ ಹಾಕುವ ಬದಲು ದನದ ಕೊಟ್ಟಿಗೆಗೆ ಉಳಿಸಿಕೊಳ್ಳುವುದು ಜಾಣತನ. ಹಳಿಯ ವಿಷಯ ಬೇರೆ. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯಿದೆ. ಅಜ್ಜ ಹರಾಜಿನಲ್ಲಿ ಕೊಂಡದ್ದಕ್ಕೆ ರಶೀದಿ ಯಾರ ಮನೆಯಲ್ಲೂ ಉಳಿದಿರುವುದಿಲ್ಲ. ಆದ್ದರಿಂದ ಹಳಿ ಗೋಡೆಯಲ್ಲಿ ಕೂತಿರುವಾಗಲೇ ಅದರ ಫೋಟೊ, ಮೇಲಿನ ವರ್ಷದ ಅಕ್ಷರ, ಸುತ್ತಲಿನ ಕಲ್ಲು ಎಲ್ಲ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಗ್ರಾಮ ಪಂಚಾಯಿತಿಯವರನ್ನು ಕರೆದು ತೋರಿಸಿ, ಹಳೆಯ ಮನೆ ಕೆಡವಿದಾಗ ಸಿಕ್ಕ ಸಾಮಾನೆಂದು ಒಂದು ಪಂಚನಾಮೆ ಬರೆಸಿಕೊಂಡು, ಆಮೇಲೆ ಗುಜರಿಯವನ ಜೊತೆ ದರ ಮಾತಾಡಿ.